ಕಾವಿ ಮಣ್ಣಿನ ಊರಿಗೆ ಹಾಕಿದ ಪ್ಲಾನು

ಈ ಪ್ರವಾಸಕ್ಕೆ ಇಬ್ಬರಿಗೆ ಸೇರಿ ಐದು ಲಕ್ಷದ ಎಂಬತ್ತು ಸಾವಿರ. ಅದರಲ್ಲಿ ಅರವತ್ತೆರಡು ಸಾವಿರ ಹೋಗಿದ್ದು ನಾವು ಮಲಗದೇ ಇರುವ ರೂಮುಗಳಿಗೆ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ.

ಮದುವೆ, ಗೃಹಪ್ರವೇಶಗಳಿಗೆ ಪಾತ್ರೆ, ಕುರ್ಚಿ, ಶಾಮಿಯಾನ ಬಾಡಿಗೆಗೆ ಕೊಡುವುದು ನನ್ನ ಕಸುಬು. ಗೋವಿಂದರಾಜನಗರದಲ್ಲಿ ಅಂಗಡಿ, ನಾಯಂಡಹಳ್ಳಿಯಲ್ಲಿ ಗೋಡೌನ್. ಕಂತಿನ ಮೇಲೆ ತಂದ ಒಂದಷ್ಟು ಕುರ್ಚಿಗಳಿಂದ ಶುರು ಮಾಡಿದವಳು ನಾನು. ಕುರ್ಚಿಗೆ ಒಂದು ರೂಪಾಯಿ ಕಡಿಮೆ ಮಾಡಿ ಎಂದು ಬಂದವರಿಗೆ ಕಾಫಿ ಕೊಟ್ಟು, ಹುಡುಗಿಯ ಕಡೆಯವರು ಯಾವ ಊರು ಎಂದೆಲ್ಲ ವಿಚಾರಿಸಿ, ಕೊನೆಗೆ ನನ್ನ ರೇಟಿಗೇ ಒಪ್ಪಿಸಿ ಕಳಿಸುತ್ತೇನೆ. ಅಂಥವಳು ಇಷ್ಟು ದುಡ್ಡನ್ನು ಗೊತ್ತಿದ್ದೂ ಬಿಟ್ಟೆ. ಯಾಕೆ ಬಿಟ್ಟೆ ಎನ್ನುವುದನ್ನು ಹೇಳಬೇಕಾದರೆ ನಮ್ಮ ಯಜಮಾನರ ಕಣ್ಣಿನ ವಿಷಯದಿಂದ ಶುರು ಮಾಡಬೇಕು.

ಅವರು ಅಂಗಡಿ ಬೋರ್ಡು ಬರೆಯುತ್ತಿದ್ದವರು. ರಾಜಾಜಿನಗರದ ಲೇತ್ ಶೆಡ್ಡುಗಳು, ಬಸವೇಶ್ವರನಗರದ ಬೇಕರಿಗಳು, ಮಾಗಡಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳು, ಎಲ್ಲ ಕಡೆ ಅವರ ಅಕ್ಷರ ಇತ್ತು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತಿತು. ಆಮೇಲೆ ನನ್ನ ಕೊಪ್ಪರಿಗೆ, ಹಂಡೆಗಳ ಮೇಲೆ ನಮ್ಮ ಅಂಗಡಿಯ ಗುರುತು ಬರೆಯುತ್ತಾ ಬಂದರು. ಎರಡು ವರ್ಷದ ಹಿಂದೆ ಆ ಗುರುತುಗಳು ಒಂದು ಪಕ್ಕಕ್ಕೆ ಜಾರತೊಡಗಿದವು. ಕಣ್ಣಿನ ಡಾಕ್ಟರ್ ಪರೀಕ್ಷೆ ಮಾಡಿ ಗ್ಲಾಕೋಮಾ ಎಂದರು. ಎದುರಿಗಿರುವುದು ಕಾಣುತ್ತದೆ, ಪಕ್ಕದ್ದು ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಾ ಬರುತ್ತದೆ. "ಇರೋದನ್ನ ಉಳಿಸ್ಕೊಳ್ಳೋಣ. ಹೋಗಿದ್ದು ವಾಪಸ್ ಬರಲ್ಲ. ಔಷಧಿ ಒಂದು ಹೊತ್ತೂ ತಪ್ಪಿಸ್ಬೇಡಿ" ಎಂದರು. ಎಷ್ಟು ದಿನ ಉಳಿಯುತ್ತದೆ ಎಂದು ನಾನು ಒತ್ತಿ ಒತ್ತಿ ಕೇಳಿದೆ. ಅದಕ್ಕೆ ಮಾತ್ರ ಅವರು ಗ್ಯಾರಂಟಿ ಕೊಡಲಿಲ್ಲ.

ಈ ವರ್ಷದ ಬೇಸಗೆಯಲ್ಲಿ ಯಜಮಾನರು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಫ್ರಾನ್ಸಿನ ದಕ್ಷಿಣಕ್ಕೆ ರೂಸಿಯೋಂ ಎಂಬ ಹಳ್ಳಿ. ಊರಿಗೆ ಊರೇ ಕಾವಿ ಬಣ್ಣ. ಪಕ್ಕದಲ್ಲಿ ಕಾವಿ ಮಣ್ಣಿನ ಗುಡ್ಡ, ಆ ಗುಡ್ಡದ ಮಣ್ಣಿನಿಂದಲೇ ಊರಿನ ಗೋಡೆಗಳಿಗೆ ಬಣ್ಣ. ಒಂದು ಗೋಡೆ ಅರಿಶಿನದ ಹಾಗೆ, ಇನ್ನೊಂದು ಇಟ್ಟಿಗೆಯ ಹಾಗೆ, ಮತ್ತೊಂದು ಕುಂಕುಮಕ್ಕೆ ಹತ್ತಿರ.

"ಜೀವಮಾನವೆಲ್ಲ ಡಬ್ಬಿಯಿಂದ ತೆಗೆದು ಕಲಸಿದೀನಿ ಈ ಬಣ್ಣನ. ನೆಲದಲ್ಲೇ ಹೆಂಗಿರತ್ತೆ ಅಂತ ಒಂದ್ಸಲ ನೋಡ್ಬೇಕು ಕಣೇ" ಎಂದರು.

ಇಷ್ಟು ವರ್ಷದಲ್ಲಿ ಅವರು ನನ್ನ ಹತ್ತಿರ ತಮಗಾಗಿ ಏನನ್ನೂ ಕೇಳಿದವರಲ್ಲ. ಕೇಳಿದ್ದು ಇದೊಂದು, ಅದೂ ಕಣ್ಣು ಮುಚ್ಚಿಕೊಳ್ಳುತ್ತಿರುವಾಗ. ಕಾಯುವುದಕ್ಕೆ ಸಮಯ ಇಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ.

ವಿಜಯನಗರದಲ್ಲಿ ಟಿಕೆಟ್ ಮಾಡಿಕೊಡುವ ಒಬ್ಬ ಹುಡುಗನಿದ್ದಾನೆ. ಅವನ ಮದುವೆಗೆ ಪಾತ್ರೆ ಹೋಗಿದ್ದು ನಮ್ಮಲ್ಲಿಂದಲೇ. ಗುಂಪಿನ ಟೂರು ಎಲ್ಲಾದರೂ ಆ ಕಡೆ ಹೋಗುತ್ತದಾ ಎಂದು ಕೇಳಿದೆ.

"ಆಂಟಿ, ಗ್ರೂಪ್‌ನವರು ಪ್ಯಾರಿಸ್ ತೋರಿಸಿ, ಟವರ್ ಮುಂದೆ ಫೋಟೋ ಹೊಡೆಸಿ ಕಳಿಸ್ತಾರೆ. ಆ ಹಳ್ಳಿಗಳಿಗೆಲ್ಲ ಬಸ್ಸು ಅಪರೂಪ. ಕಾರು ತಗೊಂಡು ನೀವೇ ಓಡಿಸ್ಬೇಕು."

"ಓಡಿಸ್ತೀನಿ ಬಿಡಪ್ಪ."

"ಅಲ್ಲಿ ರೋಡಿನ ಬಲಗಡೆ ಓಡಿಸೋದು."

"ಮೈಸೂರು ರೋಡಲ್ಲಿ ನಾನು ಎಲ್ಲಾ ಕಡೆಯಿಂದ ಬರೋರನ್ನೂ ನೋಡಿದೀನಿ" ಎಂದೆ. ಅವನು ನಕ್ಕ. ಹದಿನೈದು ವರ್ಷದಿಂದ ಗೂಡ್ಸ್ ವ್ಯಾನ್ ಓಡಿಸುತ್ತಿದ್ದೇನೆ. ಡ್ರೈವರ್ ಕೈಕೊಟ್ಟ ಒಂದು ಮುಹೂರ್ತದ ದಿನ ಕಲಿತಿದ್ದು, ಆಮೇಲೆ ಡ್ರೈವರನ್ನೇ ಇಟ್ಟುಕೊಳ್ಳಲಿಲ್ಲ.

ದಿನ ಗೊತ್ತು ಮಾಡುವುದು ಸುಲಭವಾಯಿತು. ಪಿತೃಪಕ್ಷದಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ, ನನ್ನ ಪಾತ್ರೆಗಳೆಲ್ಲ ಗೋಡೌನಿನಲ್ಲಿ ಬೋರಲು ಬಿದ್ದಿರುತ್ತವೆ. ಅಲ್ಲಿಯೂ ಆ ಹೊತ್ತಿಗೆ ಬೇಸಗೆ ರಜೆ ಮುಗಿದು ರೂಮಿನ ರೇಟು ಇಳಿದಿರುತ್ತದೆ. ಕೆಂಗೇರಿ ಉಪನಗರದಲ್ಲಿ ಯಜಮಾನರ ಅಕ್ಕ ಇದ್ದಾರೆ, ನಿವೃತ್ತ ಟೀಚರು. ಅವರಿಗೆ ಮಾತ್ರ ಇದು ಸರಿಹೋಗಲಿಲ್ಲ.

"ಪಕ್ಷದಲ್ಲಿ ಯಾರಾದ್ರೂ ಊರು ಸುತ್ತೋಕೆ ಹೋಗ್ತಾರೇನೇ?"

"ಅಮಾವಾಸ್ಯೆಗೆ ಮುಂಚೆ ವಾಪಸ್ ಇರ್ತೀವಿ ಅಕ್ಕ. ಎಡೆ ಇಟ್ಟೇ ಇಡ್ತಾರೆ ನಿಮ್ಮ ತಮ್ಮ."

"ಎಡೆ ಇಡೋಕೆ ಅವನು ಪೂರ್ತಿ ವಾಪಸ್ ಬರ್ಬೇಕಲ್ಲ. ನೀನು ಓಡಿಸೋದನ್ನ ನಾನು ಕಣ್ಣಾರೆ ನೋಡ್ಬೇಕು, ಆಮೇಲೆ ಕಳಿಸ್ತೀನಿ."

ಈಗ ನನ್ನ ಪ್ಲಾನಿನ ವಿಷಯ. ನಮ್ಮ ಕಡೆ ಪ್ರವಾಸ ಎಂದರೆ ಹೇಗೆ ಎಂದು ನಿಮಗೆ ಗೊತ್ತಿದೆ. ಟೆಂಪೋ ಟ್ರಾವೆಲರ್ ಮಾಡಿಕೊಂಡು ಶುಕ್ರವಾರ ರಾತ್ರಿ ಹೊರಟರೆ ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು, ಶೃಂಗೇರಿ, ಹೊರನಾಡು ಎಲ್ಲ ಮುಗಿಸಿ ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯಬೇಕು. ದಾರಿಯಲ್ಲಿ ಸಿಕ್ಕ ದೇವಸ್ಥಾನ ಒಂದನ್ನು ಬಿಟ್ಟು ಬಂದರೂ ದುಡ್ಡು ಕಳೆದುಕೊಂಡ ಹಾಗೆ. ನಾನು ಆ ಲೆಕ್ಕದಲ್ಲೇ ಮ್ಯಾಪು ಹರಡಿಕೊಂಡು ಕೂತೆ. ಅಷ್ಟು ದೂರ ಹೋಗಿ ಒಂದೇ ಊರು ನೋಡಿ ಬರುವುದೇ? ಬೆಟ್ಟದ ನೆತ್ತಿಯ ಗೋರ್ದ್, ಸಂತೆಯ ಊರು, ಸೇತುವೆಯ ಊರು, ದ್ರಾಕ್ಷಿ ತೋಟದ ಊರು, ಹೀಗೆ ಹನ್ನೊಂದು ಹಳ್ಳಿ ಸೇರಿಸಿದೆ. ಬೆಳಿಗ್ಗೆ ಒಂದು ನೋಡಿ, ರಾತ್ರಿ ಇನ್ನೊಂದರಲ್ಲಿ ಮಲಗುವುದು. ರೂಸಿಯೋಂಗೆ ಸಿಕ್ಕಿದ್ದು ಅರ್ಧ ದಿನ.

ಹುಡುಗ ಪ್ಲಾನು ನೋಡಿ, "ಆಂಟಿ, ಇಲ್ಲಿ ತೀರ್ಥ ಪ್ರಸಾದಕ್ಕೆ ಟೈಮ್ ಇಟ್ಟಿಲ್ವಲ್ಲ" ಎಂದ.

"ತಮಾಷೆ ಸಾಕು, ರೂಮು ಬುಕ್ ಮಾಡು."

"ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರೋ ರೂಮು ತಗೊಳ್ಳಿ. ಸ್ವಲ್ಪ ಜಾಸ್ತಿ ಆಗತ್ತೆ ಅಷ್ಟೆ."

"ಕ್ಯಾನ್ಸಲ್ ಯಾಕೆ ಮಾಡ್ತೀನಿ? ಕಡಿಮೆದೇ ಹಾಕು."

ಅದೂ ಸಾಲದೆಂದು ರೂಮಿನ ಮಾಲೀಕರಿಗೆಲ್ಲ ಮೊಬೈಲಿನ ಅನುವಾದ ಹಾಕಿಸಿ ಪತ್ರ ಬರೆದೆ: ನಾವು ಗಂಡ ಹೆಂಡತಿ ಇಬ್ಬರೇ, ಗಲಾಟೆ ಮಾಡುವವರಲ್ಲ, ರೇಟು ನೋಡಿ ಹಾಕಿ ಎಂದು. ಹೆಚ್ಚಿನವರು ಉತ್ತರ ಕೊಡಲಿಲ್ಲ. ಒಬ್ಬಾತ, ದರ ಇಳಿಸಲಾಗದು, ಆದರೆ ಮನೆಯ ಅಂಜೂರದ ಜಾಮ್ ಒಂದು ಬಾಟಲಿ ಕೊಡುತ್ತೇನೆ ಎಂದು ಬರೆದ. ಗೆದ್ದೆ ಅಂದುಕೊಂಡೆ.

ಆ ಬುಕಿಂಗುಗಳನ್ನೆಲ್ಲ ಸೇರಿಸಿ ವೀಸಾಕ್ಕೆ ಹಾಕಿದ್ದಾಯಿತು. ಪಾಸ್‌ಪೋರ್ಟುಗಳು ಒಳಗೆ ಹೋದವು. ಆರ್‌ಟಿಒ ಕಚೇರಿಯಿಂದ ಹೊರದೇಶದಲ್ಲಿ ಓಡಿಸುವ ಪರ್ಮಿಟ್ಟನ್ನೂ ಮಾಡಿಸಿಕೊಂಡು ಬಂದೆ. ಕಾಯುವುದಷ್ಟೇ ಉಳಿದಿತ್ತು. ಸುಮ್ಮನೆ ಕಾಯುವುದು ನನ್ನ ಕೈಲಾಗದ ಕೆಲಸ, ಅದಕ್ಕೆ ಅಭ್ಯಾಸ ಶುರು ಮಾಡಿದೆ.

ಆ ಹಳ್ಳಿಗಳಲ್ಲಿ ಒಂದು ನಿಯಮ ಇದೆಯಂತೆ. ಬೇರೆ ಬೋರ್ಡು ಇಲ್ಲದ ಕಡೆ, ಬಲಗಡೆಯ ಸಣ್ಣ ಗಲ್ಲಿಯಿಂದ ಬರುವವನಿಗೂ ನಾವು ದಾರಿ ಬಿಡಬೇಕು, ನಾವು ದೊಡ್ಡ ರಸ್ತೆಯಲ್ಲಿದ್ದರೂ ಸರಿ. ಅಲ್ಲಿ ಡ್ರೈವರ್ ಕೂರುವುದು ಎಡಕ್ಕೆ. ಬಲಗಡೆ ಕೂರುವವರು ಯಜಮಾನರು. ಹಾಗಾಗಿ ಬಲಗಡೆಯ ಗಲ್ಲಿ ನೋಡಿ ಹೇಳುವ ಕೆಲಸವನ್ನು ಅವರಿಗೆ ವಹಿಸಿದೆ. "ಆಗತ್ತಾ?" ಎಂದು ಕೇಳಿದೆ. "ಆಗದೆ ಏನು? ಕತ್ತು ತಿರುಗಿಸಿದ್ರೆ ಆಯ್ತು" ಎಂದರು. ನನಗೆ ಬೇಕಾಗಿದ್ದ ಉತ್ತರ ಅದೇ. ಮತ್ತೆ ಕೆದಕಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾಯಂಡಹಳ್ಳಿಯ ಗೋಡೌನ್ ಅಂಗಳದಲ್ಲಿ ಸುಣ್ಣದ ಪುಡಿಯಿಂದ ರಸ್ತೆ ಎಳೆದೆ. ಕುರ್ಚಿಗಳನ್ನು ಎತ್ತರಕ್ಕೆ ಪೇರಿಸಿ ಮನೆಗಳ ಹಾಗೆ ನಿಲ್ಲಿಸಿ, ನಡುನಡುವೆ ಗಲ್ಲಿ ಬಿಟ್ಟೆ. ಒಂದು ದೊಡ್ಡ ಹಂಡೆ ಬೋರಲು ಹಾಕಿ ಸರ್ಕಲ್ ಮಾಡಿದೆ. ಯಜಮಾನರ ಅಕ್ಕ ಬೆಳಿಗ್ಗೆಯೇ ಬಂದು ಕೂತಿದ್ದರು, ಮಡಿಲಲ್ಲಿ ಇಡ್ಲಿ ಡಬ್ಬಿ.

"ಇದೇನೇ ಫ್ರಾನ್ಸು? ನಮ್ಮ ಕೆಂಗೇರಿ ಸಂತೆ ಇದ್ದಂಗಿದೆ."

"ನೀವು ಒಂದು ಕೆಲಸ ಮಾಡಿ ಅಕ್ಕ. ಆ ಪಾತ್ರೆ ಗಾಡಿ ತಳ್ಕೊಂಡು ಯಾವುದಾದ್ರೂ ಗಲ್ಲಿಯಿಂದ ಬನ್ನಿ. ನಿಮ್ಮ ತಮ್ಮ ನೋಡಿ ನಂಗೆ ಹೇಳ್ತಾರೆ, ನಾನು ನಿಲ್ಲಿಸ್ತೀನಿ."

"ಈ ವಯಸ್ಸಲ್ಲಿ ಗಾಡಿ ತಳ್ಳೋದು ಒಂದು ಬಾಕಿ ಇತ್ತು" ಎನ್ನುತ್ತಾ ಎದ್ದರು.

ನಮ್ಮ ವ್ಯಾನಿನಲ್ಲಿ ಡ್ರೈವರ್ ಬಲಕ್ಕೆ, ಯಜಮಾನರು ಎಡಕ್ಕೆ. ಅಲ್ಲಿ ಕಡೆ ಬದಲಾಗುತ್ತದೆ, ಕೆಲಸ ಅದೇ ಎಂದು ವಿವರಿಸಿದೆ. ಮೊದಲ ಸುತ್ತು ಸರಿಹೋಯಿತು. ಅಕ್ಕ ಗಾಡಿಯ ಗಾಲಿ ಸದ್ದು ಮಾಡಿಕೊಂಡು ಬಂದರು, ಇವರು "ನಿಲ್ಸು" ಎಂದರು, ನಾನು ನಿಲ್ಲಿಸಿದೆ. ಎರಡನೆಯ ಸುತ್ತಿಗೆ ಸ್ವಲ್ಪ ವೇಗ ಹೆಚ್ಚಿಸಿದೆ. ಮೂರನೆಯ ಗಲ್ಲಿ ಬಂತು.

"ಕ್ಲಿಯರ್. ಹೋಗು" ಎಂದರು.

ಹೋದೆ. ಗಾಜಿನ ಎಡಗಡೆಯಿಂದ ಮೊದಲು ಹಳದಿ ಸೆರಗು ಕಂಡಿತು. ಬ್ರೇಕ್ ಒತ್ತಿದ ರಭಸಕ್ಕೆ ಎದೆ ಸ್ಟೀರಿಂಗಿಗೆ ಬಡಿಯಿತು. ಪಾತ್ರೆ ಗಾಡಿ ವ್ಯಾನಿಗೆ ತಗುಲಿ ಮಗುಚಿತು, ತಪ್ಪಲೆಗಳು ಅಂಗಳದ ತುಂಬ ಉರುಳಿದವು. ಅಕ್ಕ ಒಂದು ಮೊಳ ಹಿಂದೆ ನಿಂತಿದ್ದರು, ಎರಡೂ ಕೈ ಗಾಳಿಯಲ್ಲೇ ಇತ್ತು. ಒಂದು ತಪ್ಪಲೆಯ ಮುಚ್ಚಳ ಸುತ್ತಿ ಸುತ್ತಿ ನೆಲಕ್ಕೆ ಕೂತಿತು.

ಅಕ್ಕ ನನ್ನ ಕಡೆ ನೋಡಲೇ ಇಲ್ಲ. ನೇರವಾಗಿ ತಮ್ಮನ ಬಾಗಿಲಿಗೆ ಬಂದರು. "ಈ ಸೀರೆ ಕಾಣ್ಲಿಲ್ವೇನೋ ನಿಂಗೆ?"

"ನೋಡ್ದೆ" ಎಂದರು. ಆಮೇಲೆ, "ಇಲ್ಲ. ಕಾಣ್ಲಿಲ್ಲ. ಮೊದಲನೇ ಸಲ ಗಾಲಿ ಸದ್ದು ಕೇಳಿ ಹೇಳ್ದೆ. ಈ ಸಲ ಎಂಜಿನ್ ಸದ್ದಿಗೆ ಅದು ಕೇಳಿಸ್ಲಿಲ್ಲ."

ಅಕ್ಕ ಕುರ್ಚಿ ಎಳೆದುಕೊಂಡು ಕೂತರು. "ಎಲ್ಲೂ ಹೋಗೋದು ಬೇಡ. ಮನೇಲಿ ಬಿದ್ದಿರು" ಎಂದರು.

ಮನೆಗೆ ಬಂದ ಮೇಲೆ ಯಜಮಾನರು ಚಪ್ಪಲಿ ಬಿಟ್ಟು ನೇರ ಒಳಗೆ ಹೋದರು. ಆ ದಿನ, ಮರುದಿನ, ಊಟಕ್ಕೆ ಬನ್ನಿ ಎಂದರೆ ಬರುವುದು, ತಟ್ಟೆ ತೊಳೆದಿಡುವುದು, ಅಷ್ಟೆ. ನನಗೆ ಸಿಟ್ಟೂ ಬಂದಿತ್ತು, ಭಯವೂ ಆಗಿತ್ತು. ಯಾವುದು ಹೆಚ್ಚು ಎಂದು ಈಗಲೂ ಹೇಳಲಾರೆ. ಅಕ್ಕನ ಜಾಗದಲ್ಲಿ ಅಲ್ಲಿಯ ಯಾವುದೋ ಮಗು ಸೈಕಲ್ ಮೇಲೆ ಬಂದಿದ್ದರೆ ಎಂದು ಮತ್ತೆ ಮತ್ತೆ ಯೋಚಿಸುತ್ತಿದ್ದೆ. ಮೂರನೆಯ ದಿನ ಬೆಳಿಗ್ಗೆ ಕಣ್ಣಿಗೆ ಔಷಧಿ ಹಾಕುವಾಗ ಕೇಳಿಯೇಬಿಟ್ಟೆ.

"ಇಷ್ಟು ಕಡಿಮೆ ಆಗಿದೆ ಅಂತ ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕರ್ಕೊಂಡು ಹೋಗ್ತಿರ್ಲಿಲ್ಲ."

ಔಷಧಿ ಹನಿ ಕಣ್ಣೊಳಗೆ ಇಳಿಯಲಿ ಎಂದು ಅವರು ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ್ದರು. ಹಾಗೇ ಮಾತಾಡಿದರು.

"ದೊಡ್ಡ ಗೋಡೆ ಮೇಲೆ ಬೋರ್ಡ್ ಬರೆಯೋವಾಗ ನಾನು ಚೌಕ ಹಾಕ್ಕೊಳ್ತಿದ್ದೆನಲ್ಲ, ಜ್ಞಾಪಕ ಇದ್ಯಾ? ಒಂದು ಚೌಕ ಮುಗಿಸಿ ಇನ್ನೊಂದು ಚೌಕ. ಹತ್ರದಿಂದ ನೋಡಿದ್ರೆ ಏನೂ ಗೊತ್ತಾಗ್ತಿರ್ಲಿಲ್ಲ, ಎಲ್ಲಾ ಸೇರಿದ್ಮೇಲೆ ಅಕ್ಷರ. ಈಗ ನನಗೆ ಕಾಣೋದೇ ಹಂಗೆ. ಒಂದು ಗೋಡೆನ ನೀನು ಒಂದು ಸಲ ನೋಡಿ ಮುಂದಕ್ಕೆ ಹೋಗ್ತೀಯ. ನಾನು ಚೌಕ ಚೌಕ ನೋಡಿ, ತಲೇಲಿ ಜೋಡಿಸ್ಕೊಬೇಕು. ಆಗ ಅದು ಗೋಡೆ ಆಗತ್ತೆ. ನೀನು ಹನ್ನೊಂದು ಊರು ತೋರಿಸ್ತೀನಿ ಅಂತೀಯ. ನನಗೆ ಸಿಗೋದು ಹನ್ನೊಂದು ಚೌಕ."

"ಇದನ್ನ ಮೊದಲೇ ಹೇಳೋದಲ್ವಾ?"

"ನೀನು ಅಷ್ಟು ಖುಷಿಯಾಗಿ ಮ್ಯಾಪ್ ಹಾಕ್ತಿದ್ದೆ. ಜಾಮ್ ಬೇರೆ ಗೆದ್ದಿದ್ದೆ" ಎಂದರು. ಕಣ್ಣು ಮುಚ್ಚಿಕೊಂಡೇ ನಕ್ಕರು. ನನಗೆ ನಗು ಬರಲಿಲ್ಲ.

"ಈಗ ಏನ್ ಮಾಡೋಣ ಹೇಳಿ."

"ನಿಂಗೆ ಭಯ ಆದ್ರೆ ಬೇಡ. ನಿಜವಾಗ್ಲೂ. ಹೋಗೋದಾದ್ರೆ ಆ ಒಂದು ಊರು ಸಾಕು. ನನ್ನನ್ನ ಒಂದು ಗೋಡೆ ಮುಂದೆ ಕೂರಿಸ್ಬಿಡು."

ಅಂಗಡಿಗೆ ಹೋಗದೆ ಸೀದಾ ವಿಜಯನಗರಕ್ಕೆ ಹೋದೆ. ಉಳಿದ ಊರುಗಳನ್ನು ತೆಗೆದುಹಾಕು, ರೂಸಿಯೋಂನಲ್ಲೇ ಪೂರ್ತಿ ಇರುತ್ತೇವೆ ಎಂದು ಹುಡುಗನಿಗೆ ಹೇಳಿದೆ. ಅವನು ಕೈ ಎತ್ತಿ ತಡೆದ.

"ಈಗ ಮುಟ್ಟಲೇ ಬೇಡಿ ಆಂಟಿ. ಅಪ್ಲಿಕೇಶನ್ ಒಳಗಿದೆ, ಅದರಲ್ಲಿ ಈ ರೂಮುಗಳೇ ಇರೋದು. ಅವರು ಫೋನ್ ಮಾಡಿ ಚೆಕ್ ಮಾಡಿದಾಗ ಬುಕಿಂಗ್ ಇಲ್ಲ ಅಂದ್ರೆ ಮುಗೀತು. ವೀಸಾ ಕೈಗೆ ಬಂದ್ಮೇಲೆ ಏನು ಬೇಕಾದ್ರೂ ಮಾಡಿ."

"ಯಾವಾಗ ಬರತ್ತೆ?"

"ಅದು ಅವರಿಷ್ಟ."

"ಕೇಳೋಕೆ ಯಾರೂ ಇಲ್ವಾ? ಮಾತಾಡಿದ್ರೆ ಆಗತ್ತೆ, ಎಲ್ಲಿ ಆಫೀಸು ಹೇಳು."

"ನೀವು ಹೋಗಿ ಕಾಫಿ ಕೊಡಿಸಿ ಒಪ್ಪಿಸೋ ಜಾಗ ಅಲ್ಲ ಆಂಟಿ ಅದು" ಎಂದ. ಅಷ್ಟು ನಿಜವನ್ನು ನನ್ನ ಮುಖಕ್ಕೆ ಯಾರೂ ಹೇಳಿರಲಿಲ್ಲ.

ಆ ದಿನಗಳು ಹೇಗೆ ಹೋದವು ಎಂದು ಹೇಳುವುದು ಕಷ್ಟ. ರೂಸಿಯೋಂನಲ್ಲಿ ಹೆಚ್ಚು ದಿನಕ್ಕೆ ರೂಮು ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ವೀಸಾ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಅದು ಬರದೆ ವಿಮಾನದ ದಿನ ದಾಟಿದರೆ ಮುಂದೆ ಮದುವೆ ಸೀಸನ್ನು, ನಾನು ಅಲುಗಾಡುವಂತಿಲ್ಲ. ಮುಂದಿನ ವರ್ಷ ಹೋದರಾಯಿತು ಎನ್ನುವ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಬೆಳಿಗ್ಗೆ ಅವರು ಕಾಫಿ ಲೋಟಕ್ಕೆ ಕೈ ಚಾಚುವುದನ್ನು ಗಮನಿಸುತ್ತಿದ್ದೆ. ಮೊದಲು ಟೇಬಲ್ಲಿನ ಅಂಚು ಮುಟ್ಟಿ, ಅಲ್ಲಿಂದ ಬೆರಳು ಜರುಗಿಸಿಕೊಂಡು ಲೋಟಕ್ಕೆ ಹೋಗುತ್ತಿದ್ದರು. ಎಷ್ಟು ತಿಂಗಳಿಂದ ಹಾಗೆ ಮಾಡುತ್ತಿದ್ದರೋ, ನನ್ನ ಕಣ್ಣಿಗೆ ಬಿದ್ದಿದ್ದು ಆಗಲೇ.

ರೂಸಿಯೋಂನ ರೂಮಿನ ಒಡತಿ ಒಬ್ಬ ವಯಸ್ಸಾದ ಹೆಂಗಸು. ಬುಕಿಂಗ್ ಮುಟ್ಟುವಂತಿಲ್ಲ, ಮಾತಾಡಬಹುದಲ್ಲ ಎಂದು ಅವರಿಗೆ ಪತ್ರ ಬರೆದೆ. ಈ ಸಲ ರೇಟಿನ ಮಾತೇ ಎತ್ತಲಿಲ್ಲ. ನನ್ನ ಗಂಡ ಬಣ್ಣದ ಕೆಲಸ ಮಾಡಿದವರು, ಕಣ್ಣು ಕಡಿಮೆಯಾಗುತ್ತಿದೆ, ಮೆಟ್ಟಿಲು ಹತ್ತುವುದು ಕಷ್ಟ, ಕೂತಲ್ಲಿಂದಲೇ ಕಾವಿ ಗುಡ್ಡವೋ ಗೋಡೆಯೋ ಕಾಣುವ ಕಿಟಕಿ ಇರುವ ರೂಮು ಬೇಕು, ಹೆಚ್ಚು ದಿನ ಇರುತ್ತೇವೆ, ವೀಸಾ ಬಂದ ದಿನ ಖಚಿತ ಮಾಡುತ್ತೇನೆ ಎಂದೆ. ಉತ್ತರ ಮರುದಿನವೇ ಬಂತು. ರಿಯಾಯಿತಿ ಇಲ್ಲ. ಕೆಳಗಿನ ರೂಮು ತೆಗೆದಿಟ್ಟಿರುತ್ತೇನೆ, ಕಿಟಕಿ ಎದುರು ಗುಡ್ಡವಿದೆ, ಬಣ್ಣ ನೋಡಲು ಸಂಜೆಯ ಬೆಳಕು ಒಳ್ಳೆಯದು ಎಂದು ತಿಳಿಸಿದ್ದರು. ಯಜಮಾನರಿಗೆ ಅದನ್ನು ಓದಿ ಹೇಳಿದೆ. ಕೊನೆಯ ಸಾಲನ್ನು ಇನ್ನೊಂದು ಸಲ ಓದು ಎಂದರು.

ಪಾಸ್‌ಪೋರ್ಟುಗಳು ಕೊನೆಗೂ ಬಂದವು, ಹೊರಡುವುದಕ್ಕೆ ಒಂದು ವಾರ ಇರುವಾಗ. ಒಂದೇ ಊರು ಎಂದು ತಿಳಿದು ಮೆತ್ತಗಾಗಿದ್ದ ಅಕ್ಕ ಅವತ್ತು ನಮ್ಮ ಮನೆಯಲ್ಲೇ ಇದ್ದರು, ಕವರ್ ಅವರೇ ಹರಿದರು. ವೀಸಾ ಸ್ಟಿಕರ್ ನೋಡಿ, "ಇಬ್ಬರಿಗೂ ಇದೆ" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನನ್ನತ್ತ ತಿರುಗಿ, "ಅವನನ್ನ ದಾರಿ ನೋಡೋ ಕೆಲಸಕ್ಕೆ ಹಚ್ಚಲ್ಲ ಅಂತ ಮಾತು ಕೊಡು" ಎಂದರು. ಕೊಟ್ಟೆ.

ಅದೇ ಸಂಜೆ ರೂಸಿಯೋಂನ ರೂಮು ಖಚಿತ ಮಾಡಿ, ಉಳಿದ ರೂಮುಗಳನ್ನೆಲ್ಲ ಬಿಟ್ಟೆ. ಅರವತ್ತೆರಡು ಸಾವಿರ ಹೋಯಿತು. ಜಾಮ್ ಕೊಡುತ್ತೇನೆ ಎಂದಿದ್ದವನಿಗೆ ಮಾತ್ರ ಕ್ಷಮೆ ಕೇಳಿ ಎರಡು ಸಾಲು ಬರೆದೆ. ಕಾರನ್ನೂ ಬದಲಾಯಿಸಿ ಗೇರ್ ಇಲ್ಲದ್ದು ತೆಗೆದುಕೊಂಡೆ, ಅದಕ್ಕೆ ಬೇರೆ ಜಾಸ್ತಿ. ರೈಲು ಇಳಿದು ಕಾರು ತೆಗೆದುಕೊಳ್ಳುವ ಅವಿನ್ಯೋಂ ಸ್ಟೇಷನ್ನಿನಿಂದ ಆ ಹಳ್ಳಿಗೆ ಒಂದು ಗಂಟೆಯ ದಾರಿ, ಹಗಲು ಹೊತ್ತಿನಲ್ಲಿ. ಬಲಗಡೆಯ ಪ್ರತಿ ಗಲ್ಲಿಗೂ ನಾನೇ ನಿಲ್ಲಿಸಿ, ನಾನೇ ನೋಡಿ ಮುಂದಕ್ಕೆ ಹೋಗುತ್ತೇನೆ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಯಜಮಾನರು ಕಿಟಕಿಯಾಚೆ ತಮಗೆ ಬೇಕಾದ್ದನ್ನು ನೋಡಿಕೊಂಡು ಕೂರುತ್ತಾರೆ. ನಾವು ಹೊರಡುವುದು ಈ ಭಾನುವಾರ. ಅವರಿಗೆ ಎಷ್ಟು ಕಾಣುತ್ತದೆ ಎಂದು ನನಗೆ ಗೊತ್ತಿಲ್ಲ, ಹೆದರಿಕೆ ಹೋಗಿದೆ ಎಂದೂ ಹೇಳುವುದಿಲ್ಲ.

ನೀವು ಇಂಥ ಪ್ರವಾಸ ಹಾಕುವುದಾದರೆ ನನ್ನ ಮಾತು ಕೇಳಿ. ವೀಸಾ ಬರುವ ತನಕ ದುಡ್ಡು ವಾಪಸ್ ಬರುವ ರೂಮನ್ನೇ ತೆಗೆದುಕೊಳ್ಳಿ, ಅಲ್ಲಿ ಚೌಕಾಸಿ ಮಾಡಬೇಡಿ. ಕಾರು ಯಾರು ಓಡಿಸುತ್ತಾರೋ ಅವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು, ಗಂಡನ ಕಾರ್ಡು ತೋರಿಸಿದರೆ ಕೀಲಿ ಕೊಡುವುದು ಅನುಮಾನ. ಕಣ್ಣಿನ ಔಷಧಿಯನ್ನು ಡಾಕ್ಟರ ಚೀಟಿಯ ಸಮೇತ ಕೈಚೀಲದಲ್ಲಿ ಇಟ್ಟುಕೊಳ್ಳಿ, ದೊಡ್ಡ ಪೆಟ್ಟಿಗೆಗೆ ಹಾಕಬೇಡಿ. ಮ್ಯಾಪು ಹರಡುವ ಮೊದಲು, ಜೊತೆಗೆ ಬರುವವರನ್ನು ಕೂರಿಸಿಕೊಂಡು ಅವರಿಗೆ ಎಷ್ಟು ನಡೆಯಲಾಗುತ್ತದೆ, ಎಷ್ಟು ಕಾಣುತ್ತದೆ, ಎಷ್ಟು ಹೊತ್ತು ಬೇಕು ಎಂದು ಕೇಳಿ. "ಆಗತ್ತೆ ಬಿಡು" ಎಂದರೆ ನಂಬಬೇಡಿ, ಒಂದು ಭಾನುವಾರ ಬಯಲಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿ. ಊರುಗಳ ಸಂಖ್ಯೆ ಆಮೇಲೆ ಬರೆಯಿರಿ. ರೂಮಿನವರ ಹತ್ತಿರ ಮೊದಲು ಕಿಟಕಿ ಯಾವ ಕಡೆಗಿದೆ ಎಂದು ವಿಚಾರಿಸಿ, ರೇಟು ಅದಾದ ಮೇಲೆ ಮಾತಾಡಿ.